ಮೊದಲ ಸಲ ಟೆಂಟ್ ಹಾಕ್ತೀಯಾ? ಹಾಗಾದರೆ ಜಾಗ ಮೊದಲು ನೋಡು

ಮೊದಲ ಸಲ ಟೆಂಟ್‌ನಲ್ಲಿ ಮಲಗಬೇಕು, ಏನೇನು ಕೊಳ್ಳಲಿ ಅಂತ ಕೇಳಿದ್ದೀಯ. ಕೊಳ್ಳೋದು ಆಮೇಲೆ. ರಾಯಚೂರಿನವನು ನೀನು, ಬೇಸಿಗೆ ಬಂದರೆ ಮಾಳಿಗೆ ಮೇಲೆ ಚಾಪೆ ಹಾಸಿ ಮಲಗಿಯೇ ಬೆಳೆದವನು, ಬಯಲಲ್ಲಿ ಮಲಗೋದು ನಿನಗೇನು ಹೊಸದಲ್ಲ. ಗೊತ್ತಿಲ್ಲದ್ದು ಜಾಗ ಆರಿಸೋದು. ಅದೊಂದು ಸರಿಯಾಗಲಿ, ಉಳಿದದ್ದು ಹೇಗೋ ನಡೆಯುತ್ತದೆ.

ಯಾವ ತಿಂಗಳು ಅನ್ನೋದನ್ನು ಮೊದಲು ಗಟ್ಟಿ ಮಾಡಿಕೋ. ಡಿಸೆಂಬರ್, ಜನವರಿ ಒಳ್ಳೆಯದು. ಮಾರ್ಚ್ ದಾಟಿದರೆ ಬೇಡವೇ ಬೇಡ. ಗಂಗಾವತಿ ಕಡೆಯ ಬಂಡೆಗಳು ಹಗಲೆಲ್ಲ ಕಾದು, ಕತ್ತಲಾಗಿ ಎಷ್ಟೋ ಹೊತ್ತಾದರೂ ಬಿಸಿ ಬಿಡುತ್ತಲೇ ಇರುತ್ತವೆ. ಅವುಗಳ ಪಕ್ಕ ಮಲಗಿದರೆ ರೊಟ್ಟಿ ಹಂಚಿನ ಮೇಲೆ ಮಲಗಿದ ಹಾಗೆ.

ಈಗ ಜಾಗ. ನಮ್ಮ ಕಡೆಯವರಿಗೆ ಗಂಗಾವತಿ ಹತ್ತಿರದ ಆನೆಗೊಂದಿ, ಸಣಾಪುರ ಸುಲಭ. ಆದರೆ ಬೆಟ್ಟ ಹತ್ತಿ ಕಂಡಲ್ಲಿ ಟೆಂಟ್ ಹಾಕುವ ಆಸೆ ಬಿಟ್ಟುಬಿಡು. ಆ ಗುಡ್ಡಗಳಲ್ಲಿ ಚಿರತೆ, ಕರಡಿ ಎರಡೂ ಇವೆ; ತುಂಗಭದ್ರಾ ಹೊಳೆಯಾಚೆಯ ದರೋಜಿಯಲ್ಲಂತೂ ಕರಡಿಗೆಂದೇ ಧಾಮ ಮಾಡಿದ್ದಾರೆ. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ರಾತ್ರಿ ತಂಗುವಂತಿಲ್ಲ. ಹಿರೇಬೆಣಕಲ್ಲಿನ ಕಲ್ಲುಗೋರಿಗಳನ್ನು ನೋಡಲೇಬೇಕು, ಆದರೆ ಹಗಲು ಹೋಗಿ ಹಗಲೇ ಇಳಿದು ಬಾ.

ಹೊಳೆಯೊಳಗಿನ ಬಂಡೆ, ಮರಳದಿಣ್ಣೆಯೂ ಬೇಡ. ಮೇಲೆ ತುಂಗಭದ್ರಾ ಡ್ಯಾಮ್ ಇದೆ ಅನ್ನೋದು ನೆನಪಿರಲಿ. 2024ರ ಆಗಸ್ಟ್‌ನಲ್ಲಿ ಅದರ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿ ಹೋಯಿತು, ಅದೂ ರಾತ್ರಿ ಹೊತ್ತು. ಚಳಿಗಾಲದಲ್ಲಿ ನೀರು ಸುಮ್ನೆ ಇರುವ ಹಾಗೆ ಕಾಣುತ್ತದೆ, ಆದರೆ ಬಂಡೆ ಸಂದಿಯ ಸೆಳೆತ ಈಜು ಬಂದವರನ್ನೂ ಬಿಟ್ಟಿಲ್ಲ. ನೀರಿಗೆ ಹಾರಬೇಡ. ಬೆಳಗ್ಗೆ ದಡದಲ್ಲಿ ಗಲಾಟೆ ಮಾಡದೆ ಕೂತುಕೋ, ಅದೃಷ್ಟ ಇದ್ದರೆ ನೀರುನಾಯಿ ಕಾಣುತ್ತದೆ. ಅವುಗಳಿಗಾಗಿ 2015ರಿಂದ ಈ ಹೊಳೆಯ ಒಂದು ಭಾಗವನ್ನೇ ಸಂರಕ್ಷಿಸಿದ್ದಾರೆ.

ಹಾಗಾದರೆ ಎಲ್ಲಿ? ಹೋಮ್‌ಸ್ಟೇ ಅಂಗಳದಲ್ಲೋ, ಪರಿಚಯದವರ ತೋಟದಲ್ಲೋ, ಕೇಳಿ ಹಾಕು. ದುಡ್ಡು ಕೊಡು. ಟಾಯ್ಲೆಟ್, ನೀರು, ಬೊಗಳೋಕೆ ಒಂದು ನಾಯಿ ಸಿಗುತ್ತದೆ. ಇದೇನು ಕ್ಯಾಂಪಿಂಗ್ ಅಂತ ನಗುವವರು ನಗಲಿ. ಒಂದೇ ಮಾತು, ಭತ್ತದ ಗದ್ದೆಗೆ ಅಂಟಿಕೊಂಡ ಜಾಗ ಬೇಡ. ಸೊಳ್ಳೆ ಜಾಸ್ತಿ, ಇಲಿ ಹುಡುಕಿಕೊಂಡು ಹಾವೂ ಬರುತ್ತದೆ.

ಟೆಂಟ್ ಬಾಡಿಗೆಗೆ ಸಿಕ್ಕರೆ ಸಾಕು. ಇಬ್ಬರಿಗೆ ಮೂವರ ಟೆಂಟ್ ತಗೋ, ಡಬ್ಬಿ ಮೇಲೆ ಬರೆದ ಲೆಕ್ಕದಲ್ಲಿ ಬ್ಯಾಗಿಗೆ ಜಾಗ ಇರೋದಿಲ್ಲ. ಹೋಗುವ ಮುಂಚೆ ಮಾಳಿಗೆ ಮೇಲೆ ಒಮ್ಮೆ ಬಿಚ್ಚಿ ಕಟ್ಟಿ ನೋಡು. ಅಲ್ಲಿಗೆ ಬೆಳಕಿರುವಾಗಲೇ ತಲುಪು, ನಾಲ್ಕು ಗಂಟೆ ಅಂದುಕೋ.

ನೆಲವನ್ನು ಕಾಲಲ್ಲಿ ಒದ್ದು ನೋಡು. ಮಸಾರಿ, ಅಂದರೆ ಕೆಂಪು ಮಣ್ಣಾದರೆ ಗೂಟ ಚೆನ್ನಾಗಿ ಹಿಡಿಯುತ್ತದೆ. ಕಪ್ಪು ಮಣ್ಣಿನ ಎರೆ ಹೊಲ ಬೇಡ, ನಾಲ್ಕು ಹನಿ ಬಿದ್ದರೆ ಗೂಟ ಸಡಿಲ, ಚಪ್ಪಲಿ ಒಂದೊಂದು ಕೇಜಿ, ಗಾಡಿ ಅಲ್ಲೇ. ಗೂಟದ ತುದಿ ಟೆಂಟಿನ ಕಡೆ, ತಲೆ ಹೊರಗಡೆ ವಾಲಿರಬೇಕು. ನೆಟ್ಟಗೆ ಹೊಡೆದರೆ ಗಾಳಿಗೆ ಕಿತ್ತು ಬರುತ್ತದೆ. ಕೆಳಗೆ ಕಲ್ಲು ಸಿಕ್ಕಿ ಠಣ್ ಅಂದರೆ ಹಟ ಮಾಡಬೇಡ, ಗೂಟ ಬಾಗುತ್ತದೆ ಅಷ್ಟೇ. ತಲೆಗಾತ್ರದ ಕಲ್ಲು ತಂದು ಅದಕ್ಕೆ ಹಗ್ಗ ಎರಡು ಸುತ್ತು ಸುತ್ತಿ ಬಿಗಿ, ಮೇಲೊಂದು ಕಲ್ಲು ಹೇರು. ಆದರೆ ಕಲ್ಲು ಎತ್ತುವಾಗ ಬರಿಗೈ ಕೆಳಗೆ ತೂರಿಸಬೇಡ, ಚೇಳು ಇರೋದೇ ಅಲ್ಲಿ. ಕೋಲಿನಿಂದ ಮಗುಚು.

ಊಟಕ್ಕೆ ಒಲೆ ಹೂಡೋದೆಲ್ಲ ಮುಂದಿನ ಸಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಉಳ್ಳಾಗಡ್ಡಿ. ಕೆಡೋದಿಲ್ಲ, ಬಿಸಿ ಮಾಡಬೇಕಿಲ್ಲ, ನಮ್ಮ ಅಜ್ಜಿಯರು ಕ್ಯಾಂಪಿಂಗ್ ಊಟ ಎಂದೋ ಕಂಡುಹಿಡಿದಿದ್ದಾರೆ ಅಲ್ವಾ? ಕುಡಿಯೋಕೆ ತಲೆಗೆ ನಾಲ್ಕು ಲೀಟರ್ ನೀರು ಒಯ್ಯಿ. ಎಲ್ಲವೂ ಗಾಡಿಯೊಳಗಿರಲಿ, ಅಂಜನಾದ್ರಿ ಸುತ್ತಿನ ಮಂಗಗಳಿಗೆ ಜಿಪ್ ಎಳೆಯೋದು ಕಷ್ಟವೇನಲ್ಲ. ಬೆಂಕಿ ಹಾಕಲೇಬೇಕಾದರೆ ಜಾಗದವರನ್ನು ಕೇಳು. ಜೇನುಗೂಡು ಇರುವ ಬಂಡೆಯ ಹತ್ತಿರ ಹೊಗೆ ಬೇಡ.

ರಾತ್ರಿ ಎದ್ದರೆ ಟಾರ್ಚ್ ಹಾಕಿಯೇ ಕಾಲಿಡು. ಶೂ ಕೊಡವಿ ಹಾಕಿಕೋ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟೋದು, ಕೊಯ್ಯೋದು, ನಾಟಿ ಔಷಧಿ ಯಾವುದೂ ಬೇಡ. ಕಚ್ಚಿದ ಕಾಲನ್ನು ಅಲುಗಾಡಿಸದೆ 108ಕ್ಕೆ ಫೋನ್ ಮಾಡು. ಟೆಂಟಿನ ಜಾಲರಿ ಕಿಟಕಿ ತೆರೆದಿರಲಿ, ಪೂರ್ತಿ ಮುಚ್ಚಿದರೆ ನಿನ್ನ ಉಸಿರೇ ಹನಿಯಾಗಿ ಮುಖದ ಮೇಲೆ ಬೀಳುತ್ತದೆ.

ಬೆಳಗ್ಗೆ ಮಡಚುವ ಅವಸರ ಬೇಡ. ಇಬ್ಬನಿ ಒಣಗೋವರೆಗೆ ಬಿಸಿಲಿಗೆ ಹರವಿಡು. ಒದ್ದೆಯಲ್ಲೇ ಸುತ್ತಿ ವಾಪಸ್ ಕೊಟ್ಟರೆ ಬಾಡಿಗೆಯವನು ಡಿಪಾಸಿಟ್ ಹಿಡಿಯುತ್ತಾನೆ.