ಗದಗಿನಲ್ಲಿ ಕೂತು ಸ್ಯಾಟ್‌ಗೆ ಓದುವ ಬಗೆ

ಸ್ಯಾಟ್ ಎಂದರೆ ಅಮೆರಿಕದ ಕಾಲೇಜುಗಳಿಗೆ ಸೇರಲು ಬರೆಯುವ ಪರೀಕ್ಷೆ. ಮೊದಲು ಪಾಸ್‌ಪೋರ್ಟ್ ಮಾಡಿಸಿ, ಪುಸ್ತಕ ಆಮೇಲೆ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ಬರುವುದು ಒಂದು ದಿನದ ಕೆಲಸ; ಕಾಯಬೇಕಾದದ್ದು ಪೊಲೀಸ್ ವೆರಿಫಿಕೇಶನ್‌ಗೆ. ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ತುಂಬಬೇಕು. ನಾನು ಮಗನ ಮಾರ್ಕ್ಸ್ ಕಾರ್ಡ್ ಎದುರಿಗಿಟ್ಟುಕೊಂಡು ತುಂಬಿದ್ದೆ. ಅದರಲ್ಲಿ ಅವರಪ್ಪನ ಹೆಸರು ಒಂದೇ ಅಕ್ಷರ, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ. ತಿದ್ದಿಸಲು ಇಮೇಲ್ ಬರೆದು ಉತ್ತರಕ್ಕೆ ಕಾದ ದಿನಗಳಲ್ಲಿ ನನಗೆ ಊಟ ಸೇರಲಿಲ್ಲ. ಶುಲ್ಕವನ್ನು ಡಾಲರ್‌ನಲ್ಲಿ ಕಟ್ಟಬೇಕು. ನಿಮ್ಮ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಚಾಲೂ ಇದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಿ.

ಕಾಲೇಜುಗಳ ಪಟ್ಟಿಯನ್ನೂ ಈಗಲೇ ಮಾಡಿ. ಅಮೆರಿಕದ ಎಂಐಟಿಗೆ ಸ್ಯಾಟ್ ಅಥವಾ ಅಂಥದೇ ಇನ್ನೊಂದು ಪರೀಕ್ಷೆಯಾದ ಎಸಿಟಿಯ ಅಂಕ ಬೇಕೇ ಬೇಕು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಪ್ರವೇಶಕ್ಕೆ ಅದನ್ನು ನೋಡುವುದೇ ಇಲ್ಲ, ಎಷ್ಟೋ ಕಡೆ ಕೊಟ್ಟರೂ ಸರಿ ಬಿಟ್ಟರೂ ಸರಿ.

ದ್ವಿತೀಯ ಪಿಯುದ ಮಾರ್ಚ್ ತಿಂಗಳನ್ನು ಇದಕ್ಕೆ ಇಟ್ಟುಕೊಳ್ಳಬೇಡಿ. ಬೋರ್ಡ್ ಪರೀಕ್ಷೆಯೂ ಆಗಲೇ, ಅರ್ಜಿಯ ಗಡುವೂ ಅಷ್ಟರಲ್ಲಿ ಮುಗಿದಿರುತ್ತದೆ. ಪ್ರಥಮ ಪಿಯು ಮುಗಿದ ಬೇಸಿಗೆಯಲ್ಲಿ ತಯಾರಿ ಮಾಡಿ ಜೂನ್‌ನಲ್ಲಿ ಒಮ್ಮೆ, ಬೇಕಾದರೆ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಬರೆಯಿರಿ. ನನ್ನ ಮಗ ಹೀಗೇ ಬರೆದ.

ಪರೀಕ್ಷೆ ಈಗ ಪೂರ್ತಿ ಕಂಪ್ಯೂಟರ್ ಮೇಲೆ, ಬ್ಲೂಬುಕ್ ಎಂಬ ಆ್ಯಪ್‌ನಲ್ಲಿ. ಒಟ್ಟು 2 ಗಂಟೆ 14 ನಿಮಿಷ. ಇಂಗ್ಲಿಷಿನ 54 ಪ್ರಶ್ನೆಗಳು, ಗಣಿತದ 44. ಎರಡೂ ವಿಭಾಗಗಳಲ್ಲಿ ಎರಡೆರಡು ಭಾಗ. ಮೊದಲ ಭಾಗದಲ್ಲಿ ಹೇಗೆ ಮಾಡಿದಿರೋ ಅದರ ಮೇಲೆ ಎರಡನೆಯದು ಕಠಿಣವೋ ಸುಲಭವೋ ಎಂಬುದು ನಿಂತಿದೆ. ಸುಲಭದ್ದು ಬಂತೆಂದರೆ ಮೇಲಿನ ಅಂಕ ಕೈಗೆಟುಕುವುದಿಲ್ಲ. ಹಾಗಾಗಿ ಮೊದಲ ಭಾಗದಲ್ಲಿ ಅವಸರ ಬೇಡ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ನೀಟ್‌ಗೆ ಓದಿದ ಮಕ್ಕಳಿಗೆ ಗೊತ್ತಿಲ್ಲದ್ದನ್ನು ಖಾಲಿ ಬಿಟ್ಟು ರೂಢಿಯಾಗಿರುತ್ತದೆ. ಇಲ್ಲಿ ಒಂದನ್ನೂ ಬಿಡಬಾರದು.

ನಾನು ಪಿಯು ಮಕ್ಕಳಿಗೆ ಗಣಿತ ಕಲಿಸುವವಳು. ನಮ್ಮ ಮಕ್ಕಳಿಗೆ ಈ ಗಣಿತ ಭಾರವಲ್ಲ, ಕ್ಯಾಲ್ಕುಲಸ್ ಇಲ್ಲವೇ ಇಲ್ಲ. ಅಂಕ ಹೋಗುವುದು ಬೇರೆ ಕಡೆ. 2x + 3y = 12, x − y = 1 ಎಂದು ಕೊಟ್ಟು x + y ಎಷ್ಟು ಎಂದು ಕೇಳುತ್ತಾರೆ. ಹುಡುಗ x = 3 ಎಂದು ಕಂಡುಹಿಡಿದು ಖುಷಿಯಲ್ಲಿ 3ನ್ನೇ ಒತ್ತುತ್ತಾನೆ. ಉತ್ತರ 5. ಪ್ರಶ್ನೆಯ ಕೊನೆಯ ಸಾಲನ್ನು ಎರಡು ಸಲ ಓದಿಸಿ. ಇನ್ನೊಂದು, ಕ್ಯಾಲ್ಕುಲೇಟರ್. ಡೆಸ್ಮಾಸ್ ಎಂಬುದು ಪರೀಕ್ಷೆಯೊಳಗೇ ಇದೆ, ಎರಡು ಸಮೀಕರಣ ಹಾಕಿದರೆ ಗೆರೆಗಳು ಸೇರುವ ಬಿಂದುವನ್ನು ತೋರಿಸುತ್ತದೆ. ಕೈಲೆಕ್ಕವೇ ಮರ್ಯಾದೆ ಎಂದು ಬೆಳೆಸಿದವರು ನಾವೇ, ಆದರೂ ಇದನ್ನು ಕಲಿಸಲೇಬೇಕು. ಸಮೀಕ್ಷೆಯ ಪ್ರಶ್ನೆಗಳು ಮಾತ್ರ ಮಕ್ಕಳಿಗೆ ಹೊಸವು. ಮಗನಿಗೆ ಹೀಗೆ ಕೇಳಿದೆ: ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತಂದವರನ್ನಷ್ಟೇ ಮಾತಾಡಿಸಿದರೆ ಅದು ಹಾವೇರಿ ಜಿಲ್ಲೆಯ ಎಲ್ಲ ರೈತರ ಅಭಿಪ್ರಾಯ ಆಗ್ತದೇನು? ಅಲ್ಲಿಂದ ಮುಂದೆ ಅವನಿಗೆ ದಾರಿ ಸಿಕ್ಕಿತು.

ಇಂಗ್ಲಿಷಿನಲ್ಲೇ ಅವನು ಸೋತದ್ದು. ಒಂದೊಂದು ಪ್ರಶ್ನೆಗೂ ಒಂದೊಂದು ಚಿಕ್ಕ ಬರಹ, ಹೆಚ್ಚೆಂದರೆ 150 ಪದ. ಒಮ್ಮೆ ಜೀವಶಾಸ್ತ್ರ, ಮರುಗಳಿಗೆ ಹಳೆಯ ಕವಿತೆ. ಪದಗಳ ಪಟ್ಟಿ ಮಾಡಿ ಉರು ಹೊಡೆದ, ಫಲ ಸಿಗಲಿಲ್ಲ. ಆಮೇಲೆ ನಾನು ರಾತ್ರಿ ರೊಟ್ಟಿ ಬಡಿಯುವಾಗ ಅವನನ್ನು ಅಡುಗೆಮನೆಯಲ್ಲೇ ಕೂರಿಸಿಕೊಂಡೆ. ಒಂದು ಬರಹ ಓದು, ಆಯ್ಕೆಗಳನ್ನು ನೋಡಬೇಡ, ಏನು ಹೇಳ್ಯಾರ ಅನ್ನೋದನ್ನ ಕನ್ನಡದಾಗ ಒಂದೇ ಮಾತಿನ್ಯಾಗ ಹೇಳು ಅಂದೆ. ಮೊದಲ ವಾರ ತಡವರಿಸಿದ. ಒಂದು ದಿನ ಪಕ್ಷಿಗಳ ವಲಸೆಯ ಬಗ್ಗೆ ಓದಿ, "ಅವ್ವಾ, ಮೊದಲಿನವರು ಹಿಂಗ ಅಂತಿದ್ರು, ಇವರು ಹಂಗಲ್ಲ ಅಂತಾರ" ಎಂದ. ನನಗೆ ಬೇಕಾದದ್ದು ಅದೇ. ಅಲ್ಲಿನ ಎಷ್ಟೋ ಬರಹಗಳ ಬೆನ್ನೆಲುಬು ಇಷ್ಟೇ. ಕನ್ನಡದಲ್ಲಿ ಹೇಳಲು ಬರಲಿಲ್ಲವೆಂದರೆ ತಿಳಿದಿಲ್ಲ ಎಂದೇ ಲೆಕ್ಕ, ಮತ್ತೆ ಓದಬೇಕು. "ಆದರೆ", "ಆದ್ದರಿಂದ", "ಮೇಲಾಗಿ" ಎಂಬರ್ಥದ ಜೋಡುಪದಗಳ ಪ್ರಶ್ನೆಗಳೂ ಇದರಿಂದಲೇ ಬಗೆಹರಿದವು. ಅಲ್ಪವಿರಾಮ, ಅರ್ಧವಿರಾಮಗಳ ನಿಯಮ ಮಾತ್ರ ಕುಳಿತು ಕಲಿಯಬೇಕಾದದ್ದು. ಅದಕ್ಕೆ ಖಾನ್ ಅಕಾಡೆಮಿ ಎಂಬ ಜಾಲತಾಣದ ಉಚಿತ ಪಾಠಗಳು ಸಾಕು.

ಬ್ಲೂಬುಕ್‌ನಲ್ಲಿ ಪೂರ್ಣ ಮಾದರಿ ಪರೀಕ್ಷೆಗಳು ಉಚಿತವಾಗಿ ಸಿಗುತ್ತವೆ. ಅವನ್ನು ಮೊದಲ ವಾರದಲ್ಲೇ ಮುಗಿಸಿಬಿಡಬೇಡಿ. ಎರಡು ವಾರಕ್ಕೊಂದರಂತೆ, ಬೆಳಿಗ್ಗೆ 8ಕ್ಕೇ, ಪರೀಕ್ಷೆಗೆ ಒಯ್ಯುವ ಲ್ಯಾಪ್‌ಟಾಪ್‌ನಲ್ಲೇ ಬರೆಯಿಸಿ. ಮರುದಿನ ತಪ್ಪಾದ ಒಂದೊಂದು ಪ್ರಶ್ನೆಗೂ ಯಾಕೆ ತಪ್ಪಿತು ಎಂದು ನೋಟ್‌ಬುಕ್ಕಿನಲ್ಲಿ ಅವರೇ ಬರೆಯಲಿ.

ನಾವು ಬೆಂಗಳೂರಿನ ಕೇಂದ್ರ ಆರಿಸಿಕೊಂಡೆವು. ಹುಬ್ಬಳ್ಳಿಯಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಅಲ್ಲಿ ಇಳಿಯುತ್ತೇವೆ ನಿಜ, ಆದರೆ ಪರೀಕ್ಷೆಯ ದಿನವೇ ಇಳಿಯುವ ಹಾಗೆ ಹೊರಡಬೇಡಿ. ಗುರುವಾರ ರಾತ್ರಿ ಹೊರಟು ಶುಕ್ರವಾರ ಕೇಂದ್ರವನ್ನು ಕಣ್ಣಾರೆ ನೋಡಿ ಬನ್ನಿ. ಪ್ರವೇಶಪತ್ರ ಬ್ಲೂಬುಕ್‌ನಲ್ಲೇ ಸಿದ್ಧವಾಗುತ್ತದೆ. ಅದರ ತಯಾರಿಯನ್ನು ಐದು ದಿನ ಮೊದಲೇ ಶುರು ಮಾಡಬಹುದು, ಊರಲ್ಲಿರುವಾಗಲೇ ಮುಗಿಸಿಕೊಳ್ಳಿ. ಶನಿವಾರ ಬೆಳಿಗ್ಗೆ ಚೀಲದಲ್ಲಿ ಪಾಸ್‌ಪೋರ್ಟ್, ಪೂರ್ತಿ ಚಾರ್ಜ್ ಆದ ಲ್ಯಾಪ್‌ಟಾಪ್, ಚಾರ್ಜರ್, ಪೆನ್ಸಿಲ್, ನೀರಿನ ಬಾಟಲಿ. ನಾನು ಎರಡು ಶೇಂಗಾ ಹೋಳಿಗೆಯನ್ನೂ ಕಟ್ಟಿಕೊಟ್ಟಿದ್ದೆ, ನಡುವಿನ ಹತ್ತು ನಿಮಿಷದ ಬಿಡುವಿನಲ್ಲಿ ತಿನ್ನಲಿ ಎಂದು.