ಸರ್ಟಿಫಿಕೇಟ್ ಪರಿಶೀಲನೆ: ನಿಮ್ಮ ಪ್ರೋಗ್ರಾಂ ಹೆಸರನ್ನೂ ನೋಡುತ್ತದೆಯೇ?

ಸರ್ವರ್ ತನ್ನ ಗುರುತಿಗೆಂದು ತೋರಿಸುವ ಡಿಜಿಟಲ್ ಪತ್ರವೇ ಸರ್ಟಿಫಿಕೇಟ್. ಪ್ರೋಗ್ರಾಂ ಸರ್ವರ್‌ಗೆ ಸಂಪರ್ಕಿಸುವಾಗ ಸರ್ಟಿಫಿಕೇಟ್ ದೋಷ ಬಂದರೆ, ಪರಿಶೀಲನೆಯನ್ನೇ ನಿಲ್ಲಿಸಿಬಿಡುವವರನ್ನು ಬಹಳ ನೋಡಿದ್ದೇನೆ. ದೋಷದ ಸಂದೇಶ ಮಾಯವಾಗುತ್ತದೆ, ಮಾಹಿತಿ ಗೂಢಲಿಪಿಯಲ್ಲೇ ಹೋಗುತ್ತದೆ. ಆದರೆ ಯಾರಿಗೆ ಹೋಗುತ್ತಿದೆ? ನಡುವೆ ವೈಫೈ ಹಿಡಿದು ಕುಳಿತವನು ತನ್ನದೇ ಸರ್ಟಿಫಿಕೇಟ್ ಒಡ್ಡಿ ಪಾಸ್‌ವರ್ಡ್ ಓದಬಲ್ಲ.

ಹಂತ 1: ಕೋಡ್‌ನಲ್ಲಿ ಪರಿಶೀಲನೆಯನ್ನು ನಿಲ್ಲಿಸುವ ಆಯ್ಕೆಗಳಾದ ಪೈಥಾನ್‌ನ ‘ವೆರಿಫೈ=ಫಾಲ್ಸ್’, ಗೋ ಭಾಷೆಯ ‘ಇನ್‌ಸೆಕ್ಯೂರ್‌ಸ್ಕಿಪ್‌ವೆರಿಫೈ’, ಜಾಲದಿಂದ ಮಾಹಿತಿ ತರುವ ಕರ್ಲ್ ಆಜ್ಞೆಯ ‘-ಕೆ’ ಹುಡುಕಿ ಅಳಿಸಿ. 2.7.9 ಅಥವಾ 3.4.3ಕ್ಕಿಂತ ಹಳೆಯ ಪೈಥಾನ್ ಇದ್ದರೆ ಬದಲಿಸಿ. ಅದರ ಸ್ವಂತ ಲೈಬ್ರರಿ ತಾನಾಗಿ ಪರಿಶೀಲಿಸುತ್ತಿರಲಿಲ್ಲ.

ಹಂತ 2: ಎಲ್ಲರೂ ಎಡವುವುದು ಇಲ್ಲಿ. ಪರಿಶೀಲನೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಸರ್ಟಿಫಿಕೇಟ್‌ಗೆ ಸಹಿ ಹಾಕಿದ್ದು ನಂಬಿಕೆಯ ಸಂಸ್ಥೆಯೇ ಎಂಬುದು ಒಂದು. ಅದರಲ್ಲಿರುವ ಹೆಸರು ನಾವು ಕರೆದ ಸರ್ವರ್‌ನದೇ ಎಂಬುದು ಇನ್ನೊಂದು. ಎರಡನೆಯದನ್ನು ಬಿಟ್ಟರೆ, ಆಧಾರ್ ಕಾರ್ಡ್ ಅಸಲಿ ಎಂದು ನೋಡಿ ಹೆಸರು ಓದದೆ ಪಾರ್ಸೆಲ್ ಕೊಟ್ಟಂತೆ. ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಸಂಸ್ಥೆ ಯಾರದೇ ಡೊಮೇನ್‌ಗೂ ಉಚಿತವಾಗಿ ಅಸಲಿ ಸರ್ಟಿಫಿಕೇಟ್ ಕೊಡುತ್ತದೆ; ದಾಳಿಕೋರನ ಡೊಮೇನ್‌ಗೂ ಕೊಡುತ್ತದೆ.

ಪಿಎಚ್‌ಪಿ ಭಾಷೆಯಲ್ಲಿ ಈ ಗುಂಡಿಗೆ ಬಿದ್ದವರು ಬಹಳ. ಕರ್ಲ್ ಲೈಬ್ರರಿಯ ‘ವೆರಿಫೈಹೋಸ್ಟ್’ ಆಯ್ಕೆಗೆ 2 ಕೊಡಬೇಕಿತ್ತು. ‘ಟ್ರೂ’ ಎಂದು ಬರೆದರೆ ಅದು 1 ಆಗುತ್ತಿತ್ತು, ಆಗ ಸರ್ಟಿಫಿಕೇಟ್‌ನಲ್ಲಿ ಯಾವುದೋ ಒಂದು ಹೆಸರಿದ್ದರೆ ಸಾಕು ಎಂದರ್ಥ. 2012ರ 7.28.1 ಆವೃತ್ತಿಯಿಂದ ಲೈಬ್ರರಿ 1 ಅನ್ನು ಒಪ್ಪದೆ ದೋಷ ತೋರಿಸತೊಡಗಿತು. ಗೂಢಲಿಪಿ ಸಂಪರ್ಕದ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ ಅನ್ನು ನೇರವಾಗಿ ಬಳಸುವವರು ಹೆಸರಿನ ಹೋಲಿಕೆಯನ್ನು ತಾವೇ ಕೇಳಿ ಪಡೆಯಬೇಕು. ಅದು ತಾನಾಗಿ ನಡೆಯುವುದಿಲ್ಲ.

ಹಂತ 3: ಕೆಟ್ಟ ಸರ್ವರ್‌ಗಳ ಮೇಲೆ ಪರೀಕ್ಷಿಸಿ. ಬ್ಯಾಡ್‌ಎಸ್‌ಎಸ್‌ಎಲ್ ಡಾಟ್ ಕಾಮ್‌ನಲ್ಲಿ ಅವಧಿ ಮುಗಿದ, ಸ್ವಯಂ ಸಹಿಯ (ಸಂಸ್ಥೆಯ ಬದಲು ಸರ್ವರ್ ತಾನೇ ಸಹಿ ಹಾಕಿಕೊಂಡ), ಹೆಸರು ತಪ್ಪಿದ ಸರ್ಟಿಫಿಕೇಟ್‌ಗಳಿರುವ ವಿಳಾಸಗಳು ಸಿದ್ಧವಿವೆ. ಪ್ರತಿಯೊಂದರಲ್ಲೂ ಸಂಪರ್ಕ ಮುರಿಯಲೇಬೇಕು. ಬ್ರೌಸರ್‌ನಲ್ಲಿ ತೆರೆದು ನೋಡಿದರೆ ಸಾಲದು, ಅದು ಬ್ರೌಸರ್‌ನ ಪರೀಕ್ಷೆ. ನಿಮ್ಮ ಪ್ರೋಗ್ರಾಂನಿಂದಲೇ ಕರೆಯಿರಿ. ಒಳ್ಳೆಯ ಸರ್ವರ್ ಮೇಲಷ್ಟೇ ನಡೆಸುವ ಪರೀಕ್ಷೆಗೆ ಬೆಲೆಯಿಲ್ಲ. ಆಪಲ್‌ನ ಕೋಡ್‌ನಲ್ಲಿ ‘ಗೋಟು ಫೇಲ್’ ಎಂಬ ಸಾಲು ಎರಡು ಬಾರಿ ಬಿದ್ದು ಸರ್ವರ್‌ನ ಸಹಿ ಪರಿಶೀಲನೆಯೇ ತಪ್ಪಿಹೋಗಿದ್ದಾಗಲೂ ಒಳ್ಳೆಯ ತಾಣಗಳೆಲ್ಲ ಸರಿಯಾಗಿಯೇ ತೆರೆಯುತ್ತಿದ್ದವು. ಫೆಬ್ರುವರಿ 2014ರ ಐಓಎಸ್ 7.0.6 ಅದನ್ನು ಸರಿಪಡಿಸಿತು.

ಹಂತ 4: ಕಚೇರಿಯ ಒಳಗಿನ ಸರ್ವರ್‌ಗೆ ಸ್ವಂತ ಸರ್ಟಿಫಿಕೇಟ್ ಇದ್ದರೆ, ಅದಕ್ಕೆ ಸಹಿ ಹಾಕಿದ ಕಚೇರಿಯ ಮೂಲ ಸರ್ಟಿಫಿಕೇಟ್ ಕಡತದ ದಾರಿಯನ್ನು ಪೈಥಾನ್‌ನ ‘ವೆರಿಫೈ’ಗೆ ಕೊಡಿ. ‘ಎಲ್ಲವನ್ನೂ ಒಪ್ಪು’ ಎನ್ನುವ ಸಿದ್ಧ ಕೋಡ್ ತುಣುಕನ್ನು ಪರೀಕ್ಷೆಗೆಂದೂ ಸೇರಿಸಬೇಡಿ. ಅದು ಗ್ರಾಹಕರ ಕೈಗೆ ಹೋಗುವ ಆವೃತ್ತಿಯಲ್ಲೂ ಉಳಿದುಬಿಡುತ್ತದೆ.

ಇಷ್ಟಾದರೂ ಸಣ್ಣ ಸಾಧನವೊಂದು ಸರಿಯಾದ ಸರ್ಟಿಫಿಕೇಟನ್ನೇ ನಿರಾಕರಿಸುತ್ತಿದ್ದರೆ ಅದರ ಗಡಿಯಾರ ನೋಡಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ನ ಹಲವು ಮಾದರಿಗಳಲ್ಲಿ ವಿದ್ಯುತ್ ಹೋದಾಗ ಸಮಯ ಉಳಿಸಿಕೊಳ್ಳುವ ಗಡಿಯಾರವಿಲ್ಲ. ದಿನಾಂಕ ಹಿಂದಿದ್ದರೆ ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲವೆಂದೇ ಅದು ತಿಳಿಯುತ್ತದೆ. ಸಮಯ ಸರಿಪಡಿಸಿ, ಪರಿಶೀಲನೆಯನ್ನು ಮುಟ್ಟಬೇಡಿ.