ಬಫರ್ ಓವರ್‌ಫ್ಲೋ ಮತ್ತು ಪ್ರೋಗ್ರಾಮಿನ ಅಧಿಕಾರ: ನಾನು ಕಲಿತ ಬಗೆ

ಮೈಸೂರಿನ ಸರಸ್ವತಿಪುರಂನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಾಗ, ಕೆಲಸ ಮುಗಿಸಿ ಬಂದ ಮೇಲೆ, ನೆಟ್‌ವರ್ಕಿನಿಂದ ಪೂರ್ತಿ ಬೇರ್ಪಡಿಸಿದ ಒಂದು ಲಿನಕ್ಸ್ ವರ್ಚುವಲ್ ಮಷೀನಿನಲ್ಲಿ ಬಫರ್ ಓವರ್‌ಫ್ಲೋ, ಅಂದರೆ ಡೇಟಾಗೆಂದು ಮೆಮೊರಿಯಲ್ಲಿ ಮೀಸಲಿಟ್ಟ ಜಾಗ (ಬಫರ್) ತುಂಬಿ ಹರಿದು ಪಕ್ಕದ್ದರ ಮೇಲೆ ಬೀಳುವುದು, ಎಂಬುದನ್ನು ನಾನು ಕಲಿತೆ. ಅಳತೆ ನೋಡದೆ ಓದುವ ಗೆಟ್ಸ್ ಫಂಕ್ಷನ್ನನ್ನೇ ಬಳಸಿಕೊಂಡು ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುವ 1988ರ ಮಾರಿಸ್ ವರ್ಮ್, ಬಳಕೆದಾರರ ಮಾಹಿತಿ ಕೊಡುವ ಫಿಂಗರ್ ಸೇವೆಯೊಳಗೆ ನುಗ್ಗಿತ್ತೆಂದು ಓದಿ ತಿಳಿದಿದ್ದರೂ, ಅದು ಹೇಗೆಂದು ಕಣ್ಣಾರೆ ಕಾಣಬೇಕಿತ್ತು.

ಸಿ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಮೊಂದನ್ನು ಬರೆದು, ಅದರ ಒಂದು ಫಂಕ್ಷನ್ನಿನಲ್ಲಿ 64 ಬೈಟ್‌ಗಳ ಬಫರಿಗೆ, ಅಳತೆ ನೋಡದೆ ನಕಲಿಸುವ ಸ್ಟ್ರ್‌ಕಾಪಿಯಿಂದ ಅಕ್ಷರಗಳನ್ನು ತುಂಬಿಸಿದೆ. ಓವರ್‌ಫ್ಲೋ ಪತ್ತೆಹಚ್ಚಲು ಇಂದಿನ ಕಂಪೈಲರ್ ಸೇರಿಸುವ ಕ್ಯಾನರಿ ಎಂಬ ಕಾವಲು ಮೌಲ್ಯವನ್ನೂ, ಮೆಮೊರಿಯ ವಿಳಾಸಗಳನ್ನು ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಅದಲುಬದಲು ಮಾಡುವ ರಕ್ಷಣೆಯನ್ನೂ ಬೇಕೆಂದೇ ನಿಲ್ಲಿಸಿ, 32 ಬಿಟ್‌ಗೆ ಕಂಪೈಲ್ ಮಾಡಿದ್ದೆ. ನೂರು ‘ಎ’ಗಳನ್ನು ಕೊಟ್ಟು, ಓಡುವ ಪ್ರೋಗ್ರಾಮಿನ ಒಳಗನ್ನು ತೋರಿಸುವ ಜಿಡಿಬಿ ಡಿಬಗರಿನಲ್ಲಿ ನೋಡಿದರೆ, ಮುಂದಿನ ಆದೇಶ ಎಲ್ಲಿದೆಯೆಂದು ಹೇಳಬೇಕಾದ ಇಐಪಿ ರಿಜಿಸ್ಟರಿನಲ್ಲಿ 41414141 ಕೂತಿತ್ತು; 41 ಎಂಬುದು ಹೆಕ್ಸಾಡೆಸಿಮಲ್ಲಿನಲ್ಲಿ ದೊಡ್ಡ ‘ಎ’ ಅಕ್ಷರದ ಆಸ್ಕಿ ಸಂಖ್ಯೆ. ಫಂಕ್ಷನ್‌ಗಳ ಬಫರುಗಳೂ ಮರಳುವ ವಿಳಾಸಗಳೂ ಇರುವ ಸ್ಟ್ಯಾಕ್ ಎಂಬ ಮೆಮೊರಿ ಭಾಗ ಕೆಳಮುಖವಾಗಿ ಬೆಳೆದರೂ ಬಫರ್ ಮೇಲ್ಮುಖವಾಗಿ ತುಂಬುವುದರಿಂದ, ಹೆಚ್ಚಾದ ಬೈಟ್‌ಗಳು ಫಂಕ್ಷನ್ ಮುಗಿದ ಮೇಲೆ ಮರಳಬೇಕಾದ ವಿಳಾಸದ ಮೇಲೆಯೇ ಬಿದ್ದಿದ್ದವು.

ಆದರೆ ನನ್ನದೇ ಪ್ರೋಗ್ರಾಮನ್ನು ನಾನೇ ಹೀಗೆ ಕೆಡಿಸಿದರೆ ನನಗೆ ಹೊಸದಾಗಿ ದಕ್ಕುವುದೇನೂ ಇಲ್ಲ. ಅನೇಕ ಪಾಠಗಳು ಈ ಮಾತನ್ನು ಹಾರಿಸಿಬಿಡುತ್ತವೆ. ಪಾಸ್‌ವರ್ಡ್ ಬದಲಿಸುವ ಪಾಸ್‌ಡಬ್ಲ್ಯೂಡಿ ಪ್ರೋಗ್ರಾಮನ್ನು ನೋಡಿ: ಪಾಸ್‌ವರ್ಡ್‌ಗಳನ್ನು ಗುಪ್ತರೂಪದಲ್ಲಿ ಇಡುವ ಶ್ಯಾಡೋ ಕಡತವನ್ನು ತಿದ್ದುವ ಅಧಿಕಾರ ಸರ್ವಾಧಿಕಾರವುಳ್ಳ ಬಳಕೆದಾರನಾದ ರೂಟ್‌ಗೆ ಮಾತ್ರ ಇರುವುದರಿಂದ, ಆ ಪ್ರೋಗ್ರಾಮಿಗೆ ರೂಟ್ ಒಡೆತನವನ್ನೂ, ಯಾರು ನಡೆಸಿದರೂ ಒಡೆಯನ ಅಧಿಕಾರದಲ್ಲಿ ಓಡುವಂತೆ ಮಾಡುವ ಸೆಟ್‌ಯುಐಡಿ ಬಿಟ್ಟನ್ನೂ ಕೊಟ್ಟಿರುತ್ತಾರೆ. ಅದನ್ನು ಯಾರೇ ನಡೆಸಿದರೂ ನಡೆಸಿದವರು ಯಾರೆಂದು ಹೇಳುವ ರಿಯಲ್ ಯುಐಡಿ (ಬಳಕೆದಾರರ ಗುರುತು ಸಂಖ್ಯೆ) ಅವರದೇ ಆಗಿದ್ದು, ಅಧಿಕಾರವನ್ನು ನಿರ್ಧರಿಸುವ ಎಫೆಕ್ಟಿವ್ ಯುಐಡಿ ಮಾತ್ರ ರೂಟಿನ ಸಂಖ್ಯೆಯಾದ 0 ಆಗುತ್ತದೆ. ಅಂಥ ಪ್ರೋಗ್ರಾಮಿನಲ್ಲಿ ಓವರ್‌ಫ್ಲೋ ಇದ್ದರೆ, ದಾರಿ ತಪ್ಪಿದ ಕೋಡ್ ಓಡುವುದೂ ರೂಟ್ ಅಧಿಕಾರದಲ್ಲಿಯೇ. ರೂಟ್ ಅಧಿಕಾರದಲ್ಲಿ ಆಜ್ಞೆ ನಡೆಸಲು ಬಳಸುವ ಸುಡೋ ಪ್ರೋಗ್ರಾಮಿನಲ್ಲಿ 2021ರಲ್ಲಿ ಬಯಲಾದ ದೋಷ ಇದೇ ಜಾತಿಯದು. ಅಲ್ಲಿ ತುಂಬಿ ಹರಿದದ್ದು ಸ್ಟ್ಯಾಕ್ ಅಲ್ಲ, ಪ್ರೋಗ್ರಾಮ್ ಓಡುವಾಗ ಬೇಕಾದಂತೆ ಕೇಳಿ ಪಡೆಯುವ ಮೆಮೊರಿಯಾದ ಹೀಪ್.

ನನ್ನ ಪ್ರೋಗ್ರಾಮಿಗೂ ರೂಟ್ ಒಡೆತನ ಕೊಟ್ಟು ಸೆಟ್‌ಯುಐಡಿ ಬಿಟ್ ಸೇರಿದ 4755 ಅನುಮತಿ ಹಾಕಿ, ಸಾಮಾನ್ಯ ಬಳಕೆದಾರನಾಗಿ ಜಿಡಿಬಿಯಲ್ಲಿ ನಡೆಸಿದಾಗ ಎಫೆಕ್ಟಿವ್ ಯುಐಡಿ ನನ್ನದಾಗಿಯೇ ಉಳಿಯಿತು. ಡಿಬಗರಿನ ಹಿಡಿತದಲ್ಲಿರುವ ಪ್ರೋಗ್ರಾಮಿಗೆ ಕರ್ನಲ್ ಆ ಬಿಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡಿದ್ದರೆ ಪಾಸ್‌ಡಬ್ಲ್ಯೂಡಿಯನ್ನು ಡಿಬಗರಿನಲ್ಲಿ ತೆರೆದವರೆಲ್ಲ ರೂಟ್ ಆಗಿಬಿಡುತ್ತಿದ್ದರು. ಟೈಪ್ ಮಾಡಿದ ಆಜ್ಞೆಗಳನ್ನು ನಡೆಸುವ ಬ್ಯಾಷ್ ಶೆಲ್ ಕೂಡ ಈ ಎರಡು ಯುಐಡಿಗಳು ಬೇರೆಯಾಗಿರುವುದನ್ನು ಕಂಡರೆ, ವಿಶೇಷ ಆಯ್ಕೆ ಕೊಡದ ಹೊರತು, ಹೆಚ್ಚಿನ ಅಧಿಕಾರವನ್ನು ಆರಂಭದಲ್ಲಿಯೇ ಬಿಟ್ಟುಕೊಡುತ್ತದೆ.

ಈಗ ಯಾವುದೇ ಸರ್ವರ್ ಕೈಗೆ ಬಂದರೂ ನಾನು ಮೊದಲು ಫೈಂಡ್ ಆಜ್ಞೆಗೆ 4000 ಅನುಮತಿಯ ಷರತ್ತು ಕೊಟ್ಟು ಸೆಟ್‌ಯುಐಡಿ ಕಡತಗಳನ್ನೆಲ್ಲ ಪಟ್ಟಿ ಮಾಡಿ, ಬೇಡವಾದವುಗಳಿಂದ ಆ ಬಿಟ್ಟನ್ನು ತೆಗೆಯುತ್ತೇನೆ. ಹಿಂದೆ ಆ ಪಟ್ಟಿಯಲ್ಲಿ ಇರುತ್ತಿದ್ದ ಪಿಂಗ್‌ಗೆ (ಇನ್ನೊಂದು ಯಂತ್ರ ನೆಟ್‌ವರ್ಕಿನಲ್ಲಿ ಸಿಗುತ್ತದೆಯೇ ಎಂದು ನೋಡುವ ಆಜ್ಞೆ) ಈಗ ಹಲವು ಲಿನಕ್ಸ್‌ಗಳಲ್ಲಿ ಪೂರ್ತಿ ರೂಟ್ ಅಧಿಕಾರದ ಬದಲು, ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ತಾನೇ ರಚಿಸಲು ಬೇಕಾದ ರಾ ಸಾಕೆಟ್ ತೆರೆಯುವ ಅನುಮತಿಯನ್ನಷ್ಟೇ ಕೊಡುತ್ತಾರೆ.